ನೀರು ಕುಡಿಸಿದ ಹತ್ಯಾರ

ಪುಣೆಯ ಕೋಥರೂಡದಲ್ಲಿ ನನ್ನ ಅಣ್ಣನ ಮಗಳ ಮನೆ ಇರುವುದು ಮೂರನೇ ಮಜಲಿನಲ್ಲಿ. ಹೋದ ಏಪ್ರಿಲ್‌ನಲ್ಲಿ ನಾಲ್ಕು ದಿನ ಇದ್ದು ಹೋಗೋಣವೆಂದು ದೌಂಡದಿಂದ ಬಂದಿದ್ದೆ. ಎರಡನೇ ದಿನ ಏಸಿ ರಿಪೇರಿಯವನು ಬಂದು ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತ. ಒಡೆದ ತಾಮ್ರದ ಕೊಳವೆಗೆ ಗ್ಯಾಸಿನ ಉರಿ ಹಿಡಿದು ಹಿತ್ತಾಳೆಯ ಕಡ್ಡಿ ಕರಗಿಸತೊಡಗಿದ. ನಾನು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಕಾದ ಹಿತ್ತಾಳೆಯ ವಾಸನೆ, ಅದರ ಜೊತೆಗೆ ಬೆಸುಗೆಗೆ ಹಚ್ಚುವ ಬಿಳಿಗಾರ ಸುಟ್ಟ ವಾಸನೆ ಒಳಗೆ ಬಂತು. ನಲವತ್ತು ವರ್ಷದಿಂದ ನನ್ನ ಮೂಗಿಗೆ ಬೀಳದಿದ್ದ ವಾಸನೆ ಅದು. ಸೊಪ್ಪು ಹಿಡಿದ ಕೈ ಹಾಗೇ ನಿಂತಿತು.

ಬಾಲ್ಕನಿಯ ಬಾಗಿಲಲ್ಲಿ ಅಣ್ಣ ವಸಂತ ಕುರ್ಚಿ ಹಾಕಿಕೊಂಡು ಕೂತಿದ್ದ. ವಯಸ್ಸು ಎಪ್ಪತ್ತರ ಹತ್ತಿರ, ಮಾತು ಮಾತ್ರ ಇನ್ನೂ ಇಪ್ಪತ್ತೆಂಟರದ್ದು. ರಿಪೇರಿ ಹುಡುಗನಿಗೆ ಮರಾಠಿಯಲ್ಲಿ ತನ್ನ ಪರಾಕ್ರಮ ಹೇಳುತ್ತಿದ್ದ. ತಾನು ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಭವಾನಿ ಪೇಟೆಯ ಮನೆಯಲ್ಲಿ ಕೂತು ಕಾರ್ಬೈಡ್ ಹತ್ಯಾರ, ಅಂದರೆ ಗಡಸು ತುದಿಯ ಉಳಿ, ಮಾಡುತ್ತಿದ್ದನಂತೆ. ಲೇಥಿನಲ್ಲಿ ಕಟ್ಟಿಗೆ ತಿರುವಿ ಕೆತ್ತುವ ಮಿಸ್ತ್ರಿಗಳೆಲ್ಲ ತನ್ನ ಬೆಸುಗೆ ನೋಡಿ ಬೆರಗಾಗುತ್ತಿದ್ದರಂತೆ. ಹುಡುಗ ಹೂಂ ಹೂಂ ಅನ್ನುತ್ತಿದ್ದ. ಪಾಪ, ಅವನಿಗೆ ಕೆಲಸ ಮುಗಿದರೆ ಸಾಕಾಗಿತ್ತು.

ನಾನು ಸೊಪ್ಪು ಅಲ್ಲೇ ಬಿಟ್ಟು ಹೊರಗೆ ಬಂದೆ. "ಯಾರ ಬೆಸುಗಿ ಅಣ್ಣಾ?" ಎಂದು ಕೇಳಿದೆ.

"ಅದ ಮತ್ತ, ನಮ್ಮ ಮನಿದು," ಅಂದ.

"ಮನಿಗೆ ಕೈ ಇರತಾವೇನು?"

ಅವನು ನಕ್ಕುಬಿಟ್ಟ. ಆ ನಗು ನನಗೆ ಚೆನ್ನಾಗಿ ಗೊತ್ತು. ಮಾತು ತನ್ನ ಬುಡಕ್ಕೆ ಬಂದಾಗ ಅಣ್ಣ ನಗುತ್ತಾನೆ, ಅಪ್ಪ ಕೆಮ್ಮುತ್ತಿದ್ದ. ಹತ್ಯಾರ ಚೆನ್ನಾಗಿ ನಡೆದಷ್ಟು ದಿನ ಅವು ವಸಂತನ ಹತ್ಯಾರಗಳಾಗಿದ್ದವು. ಒಂದು ಒಡೆದ ದಿನ ಎಲ್ಲವೂ ಶಾಂತಾಳವಾದವು. ಶಾಂತಾ ಅಂದರೆ ನಾನು.

ಆ ಒಂದು ವರ್ಷದ್ದು ಇಲ್ಲಿ ಬರೆಯುತ್ತೇನೆ. ಇನ್ನೂ ತಡಮಾಡಿದರೆ ಅಣ್ಣ ಹೇಳಿದ್ದೇ ಖರೆಯಾಗಿ ಉಳಿದೀತು.

ನಮ್ಮ ಊರು ಕಲಘಟಗಿ ಕಡೆ. ಅಪ್ಪ ಈರಪ್ಪ ಮಿಸ್ತ್ರಿ ಅಲ್ಲಿ ತೊಟ್ಟಿಲಿನ ಕಾಲು, ಗುಂಡು, ಕಂಬಿ ತಿರುವುತ್ತಿದ್ದವನು. ನೆಲದ ಮೇಲೆ ಕೂತು, ಕಾಲ್ಬೆರಳಲ್ಲಿ ಉಳಿ ಒತ್ತಿ ಹಿಡಿದು, ಹಗ್ಗ ಎಳೆದು ಕಟ್ಟಿಗೆ ತಿರುಗಿಸಿ ಕೆಲಸ ಕಲಿತವನು. ಪುಣೆಗೆ ಬಂದಮೇಲೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ ಹಿಂದಿನ ಒಂದು ವಾಡೆಯಲ್ಲಿ, ಹತ್ತಾರು ಬಾಡಿಗೆಯವರ ಹಳೆಯ ಕಟ್ಟಡದಲ್ಲಿ, ಎರಡು ಖೋಲಿ ಹಿಡಿದ, ಮುಂದಿನ ಪಡಸಾಲೆಯಲ್ಲಿ ಮೋಟರಿನ ಲೇಥು ಕೂರಿಸಿದ. ತುಳಸಿಬಾಗಿನ ಅಂಗಡಿಗಳಿಗೆ ಲಟ್ಟಣಿಗೆ, ಮಂಚದ ಕಾಲು ಮಾಡಿ ಕೊಡುತ್ತಿದ್ದ. ನಾನು ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದೆ. ಆಗ ನನಗೆ ಇಪ್ಪತ್ತು. ಲೇಥಿನ ಕೆಳಗೆ ಬಿದ್ದ ಕಟ್ಟಿಗೆಯ ಸಿಪ್ಪೆ ಗುಡಿಸುವುದಕ್ಕೆ ಮಾತ್ರ ನನಗೆ ಆ ಪಡಸಾಲೆಯಲ್ಲಿ ಪರವಾನಗಿ ಇತ್ತು. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಲೇಥು ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಅಪ್ಪ ಕೆಮ್ಮುತ್ತಿದ್ದ.

ಆ ವರ್ಷ ಮಳೆ ಜೂನ್ ಮೊದಲ ವಾರಕ್ಕೇ ಹಿಡಿದುಕೊಂಡಿತು. ವಾಡೆಯ ತಗಡಿನ ಮೇಲೆ ದಿನವಿಡೀ ಸದ್ದು. ಆಗಲೇ ಅಪ್ಪನಿಗೆ ಒಬ್ಬ ವ್ಯಾಪಾರಿ ಜಾಲಿ ಕಟ್ಟಿಗೆಯ ದೊಡ್ಡ ಕೆಲಸ ತಂದುಕೊಟ್ಟ, ದೀಪಾವಳಿಯೊಳಗೆ ಮುಗಿಸಬೇಕು. ಜಾಲಿ ಕಲ್ಲಿನಂಥ ಕಟ್ಟಿಗೆ. ಹಳೆಯ ಕಾನಸು, ಅಂದರೆ ಕಬ್ಬಿಣ ಉಜ್ಜುವ ಅರ, ಬಡಿದು ಅಪ್ಪ ಮಾಡಿಕೊಂಡ ಉಳಿಗಳು ಎರಡು ಕಾಲು ತಿರುವುವಷ್ಟರಲ್ಲಿ ಮೊಂಡಾಗುತ್ತಿದ್ದವು. ದಿನದಲ್ಲಿ ಅರ್ಧ ಹೊತ್ತು ಮಸೆಯುವುದರಲ್ಲೇ ಹೋಗುತ್ತಿತ್ತು.

ಅಣ್ಣ ಪಿಂಪರಿ ಕಡೆ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ತಿರುವುವ ಟರ್ನರ್ ಆಗಿದ್ದ. ಒಂದು ಗುರುವಾರ, ಅದು ಅವನ ರಜೆಯ ದಿನ, ಡಬ್ಬಿಯ ಮುಚ್ಚಳದಲ್ಲಿ ಏಳೆಂಟು ಚೂರು ತಂದು ನೆಲದ ಮೇಲೆ ಸುರುವಿದ. ಅಂಗಿಯ ಗುಂಡಿಯಷ್ಟು ಗಾತ್ರದವು. ಕೆಲವು ಚೌಕ, ಕೆಲವು ದುಂಡಗೆ, ಬೂದು ಬಣ್ಣ, ಕೈಯಲ್ಲಿ ಹಿಡಿದರೆ ನೋಡಿದ್ದಕ್ಕಿಂತ ಭಾರ. ಕಬ್ಬಿಣ ಕೊರೆಯಲು ಬಳಸಿ ಸವೆದ ಮೇಲೆ ಎಸೆಯುವ ಕಾರ್ಬೈಡ್ ತುಂಡುಗಳು. "ಕಬ್ಬಣಕ್ಕ ಇವು ಮುದುಕ ಆಗ್ಯಾವ, ಕಟಿಗಿಗೆ ಇನ್ನೂ ಹುಡುಗ ಅವ," ಅಂದ. ಕಬ್ಬಿಣದ ಸಲಾಕೆಯ ತುದಿಗೆ ಇವನ್ನು ಹಿತ್ತಾಳೆಯಿಂದ ಬೆಸೆದು, ಕಟ್ಟಿಗೆಯ ಹಿಡಿಕೆ ಹಾಕಿದರೆ ತಿಂಗಳುಗಟ್ಟಲೆ ಮಸೆಯದೆ ಕೆಲಸ ಮಾಡಬಹುದು ಅನ್ನುವುದು ಅವನ ವಿಚಾರ. ಈ ಒಂದು ವಿಚಾರ ಅವನದೇ. ಅದನ್ನು ನಾನು ಕಸಿದುಕೊಳ್ಳುವುದಿಲ್ಲ.

ಆದರೆ ಕೈ ಅವನದಾಗಲಿಲ್ಲ. ಇದ್ದಿಲ ಶೇಗಡಿಯಲ್ಲಿ ಕೆಂಡ ಮಾಡಿ, ಕೈಗಾಳಿಯ ಯಂತ್ರ ತಿರುಗಿಸಿ ಮೂರು ಸಲ ಪ್ರಯತ್ನ ಮಾಡಿದ. ಮೂರು ಸಲವೂ ಹಿತ್ತಾಳೆ ಕರಗಿ ಗೋಲಿಯಾಗಿ ಉರುಳಿ ಬಿತ್ತು, ತುಂಡು ಸಲಾಕೆಗೆ ಹತ್ತಲಿಲ್ಲ. ಅಣ್ಣ ಸಿಟ್ಟಿಗೆದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವನು ಹೋದಮೇಲೆ ನಾನು ಸಲಾಕೆಯನ್ನು ನೋಡಿದೆ. ತುಂಡು ಕೂರಿಸಲು ಅವನು ಕಾನಸಿನಲ್ಲಿ ಕೊರೆದ ಜಾಗದಲ್ಲಿ ಎಣ್ಣೆಯ ಜಿಡ್ಡು ಹಾಗೇ ಇತ್ತು. ಹಿತ್ತಾಳೆ ಕೊಡ ಬೆಳಗಿ ಬೆಳಗಿ ನನ್ನ ಉಗುರು ಸವೆದಿದ್ದವು, ಜಿಡ್ಡು ನನ್ನ ಕಣ್ಣಿಗೆ ಬೀಳದೆ ಇರುತ್ತದೆಯೇ? ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ತಿಕ್ಕಿ ಬೆಳ್ಳಗೆ ಮಾಡಿದೆ. ಬಿಳಿಗಾರವನ್ನು ನೀರಲ್ಲಿ ಕಲಸಿ ಬಳಿದು, ಹಿತ್ತಾಳೆಯ ತೆಳು ಚೂರು ಇಟ್ಟು, ಮೇಲೆ ತುಂಡು ಕೂರಿಸಿ ಕೆಂಡದಲ್ಲಿ ಹಿಡಿದೆ. ಬಿಳಿಗಾರ ಮೊದಲು ನೊರೆಯಾಗಿ ಉಬ್ಬುತ್ತದೆ. ಅವಸರ ಮಾಡಬಾರದು. ನೊರೆ ಇಳಿದು ಸಕ್ಕರೆ ಪಾಕದಂತೆ ತಿಳಿಯಾದ ಮೇಲೆ ಹಿತ್ತಾಳೆ ಒಮ್ಮೆಲೇ ಸಂದಿಯಲ್ಲಿ ಹರಿಯುತ್ತದೆ. ಆ ಗಳಿಗೆಗೆ ಸರಿಯಾಗಿ ಚೂಪು ಕಡ್ಡಿಯಿಂದ ತುಂಡನ್ನು ಮೇಲಿನಿಂದ ಒತ್ತಿ ಹಿಡಿಯಬೇಕು. ಹಿಡಿದೆ. ಬೂದಿಯೊಳಗೆ ಹುಗಿದಿಟ್ಟೆ. ಸಂಜೆ ಅಣ್ಣ ಬಂದು ಸುತ್ತಿಗೆಯಿಂದ ಬಡಿದ. ಸಲಾಕೆ ಬಾಗಿತು, ತುಂಡು ಅಲ್ಲಾಡಲಿಲ್ಲ.

ಬೂದಿಯಲ್ಲಿ ಹುಗಿಯುವುದನ್ನು ಮೊದಲೇ ಹೇಳಿಕೊಟ್ಟಿದ್ದವನು ಅಣ್ಣನೇ. "ಇದು ಉಕ್ಕಲ್ಲ ನೋಡು. ಕಾದದ್ದು ನಿಧಾನಕ ಆರಬೇಕು. ನೀರು ತಾಗಿತು ಅಂದರ ಒಳಗ ಸೀಳತದ. ಕಣ್ಣಿಗೆ ಕಾಣಂಗಿಲ್ಲ," ಅಂದಿದ್ದ. ಈ ಮಾತನ್ನು ನಾನು ಮರೆತಿಲ್ಲ. ಅವನೂ ಮರೆತಿಲ್ಲ ಅನ್ನುವುದು ನನ್ನ ನಂಬಿಕೆ.

ಆ ಮಳೆಗಾಲ ನನ್ನದು. ಹಸಿ ಇದ್ದಿಲು ಹೊತ್ತಿಕೊಳ್ಳುತ್ತಿರಲಿಲ್ಲ, ಬಿಳಿಗಾರ ಡಬ್ಬಿಯಲ್ಲೇ ಗಟ್ಟಿಯಾಗುತ್ತಿತ್ತು, ಹೊಗೆಗೆ ಅವ್ವ ದಿನಾ ಬೈಯುತ್ತಿದ್ದಳು. ಆದರೂ ಮಧ್ಯಾಹ್ನದ ಅಡುಗೆ ಆದಮೇಲೆ ನಾನು ಹಿತ್ತಿಲ ತಗಡಿನ ಕೆಳಗೆ ಕೂತೆನೆಂದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಣ್ಣ ಕಾರ್ಖಾನೆಯಿಂದ ಹಸಿರು ಸಾಣೆಕಲ್ಲಿನ ಒಡೆದ ತುಂಡು ತಂದುಕೊಟ್ಟ. ಕಾರ್ಬೈಡಿಗೆ ಬೇರೆ ಕಲ್ಲು ನಡೆಯುವುದಿಲ್ಲ. ಅದರ ಮೇಲೆ ತುದಿ ತೀಡುವುದನ್ನು ಕಲಿತೆ. ಹಿಡಿಕೆ ಬಿಟ್ಟುಹೋಗದಂತೆ ನಲ್ಲಿಯ ಕೊಳವೆಯ ತುಂಡಿನಿಂದ ಬಳೆ ಹಾಕುವುದನ್ನು ನಾನೇ ಹುಡುಕಿಕೊಂಡೆ. ಅಪ್ಪ ಮೊದಮೊದಲು ಮೂಗು ಮುರಿದ. "ಇದು ಕೆತ್ತೂ ಹತ್ಯಾರ ಅಲ್ಲ, ಕೆರಿಯೂ ಹತ್ಯಾರ," ಅಂದ. ಆಮೇಲೆ ಒಂದು ದಿನ ಯಾರೂ ನೋಡುವುದಿಲ್ಲವೆಂದು ತಿಳಿದು ಒಂದನ್ನು ಎತ್ತಿಕೊಂಡು ಜಾಲಿಯ ಕಾಲು ತಿರುವಿದ. ಮರುದಿನದಿಂದ ಅವನ ಉಳಿಗಳು ಗೂಟದಲ್ಲೇ ಉಳಿದವು. ನನಗೆ ಒಂದು ಮಾತು ಹೇಳಲಿಲ್ಲ. ಮಾರ್ಕೆಟ್ಟಿನಲ್ಲಿ ಮಾತ್ರ "ನನ್ನ ಮಗ ಮಾಡ್ಯಾನ" ಎಂದು ಹೇಳಿಕೊಂಡು ಬಂದ.

ನಿಜ ಕಂಡುಹಿಡಿದವರು ದತ್ತೋಬಾ ಕಾಕಾ. ನಮ್ಮ ವಾಡೆಯಿಂದ ನಾಲ್ಕು ಅಂಗಡಿ ಆಚೆ ಅವರ ಲೇಥು. ಮಿರಜ ಕಡೆಯವರು, ಅರ್ಧ ಕನ್ನಡ ಅರ್ಧ ಮರಾಠಿ. ಕುಂಕುಮ ಇಡುವ ಪುಟ್ಟ ಕಟ್ಟಿಗೆಯ ಭರಣಿಗಳನ್ನು ಮಾಡುತ್ತಿದ್ದರು. ಭರಣಿಯ ಒಳಗನ್ನು ತೋಡುವಾಗ ಮುಖ ಹತ್ತಿರ ಹಿಡಿದು ಒಳಗೆ ಇಣುಕುತ್ತಾ ಕೆಲಸ ಮಾಡಬೇಕು. ಒಂದು ಮಧ್ಯಾಹ್ನ ಅವರು ವಸಂತನ ಹತ್ಯಾರ ನೋಡಲು ಬಂದರು. ವಸಂತ ಕಾರ್ಖಾನೆಯಲ್ಲಿದ್ದ. ಅಪ್ಪ ಕಟ್ಟಿಗೆ ತರಲು ಹೋಗಿದ್ದ. ಕಾಕಾ ಹಿತ್ತಿಲಿಗೆ ಇಣುಕಿದರು, ನಾನು ಕೆಂಡದ ಮುಂದೆ ಇದ್ದೆ. ಅವರು ಹೋಗಲಿಲ್ಲ. ಕೊಡೆ ಮುಚ್ಚಿ ಗೋಡೆಗೆ ಒರಗಿಸಿ, ತುಂಡು ಕೂರಿಸುವವರೆಗೂ ಸುಮ್ಮನೆ ನಿಂತು ನೋಡಿದರು.

ಅಪ್ಪ ಬಂದಮೇಲೆ ಅವರು ಹೇಳಿದ್ದು ಇಷ್ಟೇ. "ಈರಪ್ಪಾ, ಇದು ನಿನ್ನ ಪೋರನ ಕೈ ಅಲ್ಲ. ಪೋರಿದು." ಆಮೇಲೆ ನನ್ನ ಕಡೆ ತಿರುಗಿ, ಅಪ್ಪನಿಗಲ್ಲ ಅಣ್ಣನಿಗಲ್ಲ ನನಗೇ, ಭರಣಿ ತೋಡಲು ಒಂದು ದುಂಡು ತುದಿಯ ಹತ್ಯಾರ ಬೇಕು ಅಂದರು. "ಮತ್ತ ಇನ್ನೊಂದು ಕೇಳು. ನನ್ನ ಎರಡನೇ ಲೇಥು ಖಾಲಿ ಬಿದ್ದದ. ಹತ್ಯಾರ ಮಾಡೂಕಿ ತಿರುವೂದೂ ಕಲೀಬೇಕು. ಇಲ್ಲಾಂದ್ರ ಹತ್ಯಾರ ಪುರಾ ಕಲಿಯಂಗಿಲ್ಲ. ದಿವಾಳಿ ಹಬ್ಬ ಆಗಲಿ, ಬಾ. ಕಲಸತೀನಿ."

ಅಪ್ಪ ಕೆಮ್ಮಿದ. ಬೇಡ ಅನ್ನಲಿಲ್ಲ. ನಮ್ಮಪ್ಪ ಬೇಡ ಅನ್ನದಿದ್ದರೆ ಅದು ಅರ್ಧ ಹೂಂ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವತ್ತಿನಿಂದ ನಾನು ದೀಪಾವಳಿಗೆ ದಿನ ಎಣಿಸತೊಡಗಿದೆ. ಆ ಎರಡನೇ ಲೇಥು, ಅದರ ಮುಂದೆ ನಿಂತ ನಾನು. ಅದಕ್ಕಿಂತ ಹೆಚ್ಚಿನದನ್ನು ನಾನು ಬಾಳಿನಲ್ಲಿ ಬೇಡಿಕೊಂಡಿಲ್ಲ. ಮದುವೆಯನ್ನೂ ಅಷ್ಟು ಬೇಡಿರಲಿಲ್ಲ.

ಕಾಕಾನ ಹತ್ಯಾರಕ್ಕೆ ಹನ್ನೆರಡು ದಿನ ತೆಗೆದುಕೊಂಡೆ. ದುಂಡು ತುಂಡುಗಳಲ್ಲಿ ಒಳ್ಳೆಯದನ್ನು ಆರಿಸಿದೆ, ಕೂರುವ ಜಾಗವನ್ನು ಕೂದಲೆಳೆ ಸಂದು ಬಿಡದಂತೆ ಕೊರೆದೆ. ಶೀಸಮ್ ಕಟ್ಟಿಗೆಯ ಹಿಡಿಕೆ ಉದ್ದವಾಗಿ, ಕಂಕುಳಲ್ಲಿ ಒತ್ತಿ ಹಿಡಿಯುವಂತೆ ಮಾಡಿಸಿದೆ. ನವರಾತ್ರಿ ಶುರುವಾಗುವಷ್ಟರಲ್ಲಿ ಅದು ತಯಾರಾಯಿತು.

ಖಂಡೇ ನವಮಿಗೆ ಹತ್ಯಾರಗಳನ್ನೆಲ್ಲ ತೊಳೆದು ಹಲಗೆಯ ಮೇಲೆ ಜೋಡಿಸಿ ಪೂಜೆ ಮಾಡುವುದು ಎಲ್ಲ ಕಡೆ ಇದೆ. ನಮ್ಮ ಮನೆತನದಲ್ಲಿ ಇನ್ನೂ ಒಂದು ಪದ್ಧತಿ. ಆ ವರ್ಷ ಮನೆಯಲ್ಲಿ ತಯಾರಾದ ಹೊಸ ಹತ್ಯಾರಕ್ಕೆ ಪೂಜೆಗೆ ಮುಂಚೆ ಮನೆಯ ಹಿರಿಯ ತನ್ನ ಕೈಯಿಂದ ನೀರು ಕುಡಿಸಬೇಕು. ಅಂದರೆ ತುದಿಯನ್ನು ಕೆಂಪಗೆ ಕಾಯಿಸಿ ನೀರಲ್ಲಿ ಅದ್ದುವುದು. ಉಕ್ಕಿನ ಉಳಿಗೆ ಅದರಿಂದ ಗಡಸು ಬರುತ್ತದೆ, ಆದ್ದರಿಂದ ಅಜ್ಜನ ಅಜ್ಜ ಮಾಡಿದ್ದರಲ್ಲಿ ಅರ್ಥವಿತ್ತು. ನೀರು ಕುಡಿಯದ ಹತ್ಯಾರವನ್ನು ನಮ್ಮವರು ಹಲಗೆಯ ಮೇಲೆ ಇಡುತ್ತಿರಲಿಲ್ಲ.

ನವಮಿಯ ಬೆಳಿಗ್ಗೆ ಅಪ್ಪ ಮಡಿಯುಟ್ಟು ಬಂದು ಶೇಗಡಿ ಹೊತ್ತಿಸಿದ. ತಾಮ್ರದ ಕೊಡದಲ್ಲಿ ನೀರು ಇಟ್ಟ. ನನ್ನ ಹೊಸ ಹತ್ಯಾರಗಳು ಸಾಲಾಗಿ ಇದ್ದವು. "ಒಂದಕ್ಕ ಕುಡಿಸಿದರ ಎಲ್ಲಾಕ್ಕೂ ಕುಡಿಸಿದಂಗ," ಎಂದು ಎಲ್ಲಕ್ಕಿಂತ ಚೆಂದ ಇದ್ದುದನ್ನು ಎತ್ತಿಕೊಂಡ. ಅದು ಕಾಕಾನದು.

"ಅಪ್ಪಾ, ಅದಕ್ಕ ನೀರು ನಡಿಯಂಗಿಲ್ಲ," ಅಂದೆ. "ಒಳಗ ಸೀಳತದ. ಅಣ್ಣ ಹೇಳ್ಯಾನ."

ಅಪ್ಪ ಅಣ್ಣನ ಕಡೆ ನೋಡಿದ. "ಹೇಳೀಯೇನು?"

ಅಣ್ಣ ಮಾವಿನ ಎಲೆ ಪೋಣಿಸುತ್ತ ಕೂತಿದ್ದ. ಹೇಳಬಹುದಿತ್ತು. ಹೌದಪ್ಪಾ, ಹೇಳೀನಿ, ಬ್ಯಾಡ ಅನ್ನಬಹುದಿತ್ತು. ಅವನು ನಕ್ಕ. "ಹಬ್ಬದ ದಿನ ಯಾಕ ವಾದ? ಒಂದ ಸಲ ಅದ್ದಿದರ ಏನೂ ಆಗಂಗಿಲ್ಲ ಬಿಡು," ಅಂದ.

"ನಾಕು ಅಕ್ಷರ ಬಂದವು ಅಂತ ಮನಿತನದ ಪದ್ಧತಿ ಬಿಡಸಾಕ ಬಂದಾಳ," ಎಂದು ಅಪ್ಪ ತುದಿಯನ್ನು ಕೆಂಡದಲ್ಲಿ ಇಟ್ಟ. ಈಗ ನನಗೆ ಅನಿಸುತ್ತದೆ, ಅವನಿಗೆ ಬೇಕಾಗಿದ್ದದ್ದು ಪದ್ಧತಿ ಅಷ್ಟೇ ಅಲ್ಲ. ಆ ವರ್ಷ ಅವನ ಮನೆಯಲ್ಲಿ ಅವನ ಕೈ ತಾಗದೆ ಹತ್ಯಾರ ತಯಾರಾಗಿತ್ತು, ಅದೂ ಮಗಳ ಕೈಯಲ್ಲಿ. ಅದರಲ್ಲಿ ಒಂದಿಷ್ಟಾದರೂ ತನ್ನದು ಇರಬೇಕಿತ್ತು. ಇಷ್ಟು ಅರ್ಥವಾದರೂ ನಾನು ಅವನನ್ನು ಕ್ಷಮಿಸಿಲ್ಲ.

ತುದಿ ಮಂದ ಕೆಂಪಾಯಿತು. ಅಪ್ಪ ಮಂತ್ರ ಅಂದು ನೀರಿಗೆ ಇಳಿಸಿದ. ಚುಸ್ಸೆಂದು ಹಬೆ ಎದ್ದಿತು. ಆ ಸದ್ದಿನ ನಡುವೆ ಇನ್ನೊಂದು ಸಣ್ಣ ಸದ್ದು, ಗಾಜಿನ ಬಳೆ ಚಿಟ್ ಎಂದಷ್ಟು. ನಾನು ಕೇಳಿದೆ. ಅಣ್ಣ ಎಲೆ ಪೋಣಿಸುವುದನ್ನು ಒಂದು ಕ್ಷಣ ನಿಲ್ಲಿಸಿದ, ಅಂದಮೇಲೆ ಅವನೂ ಕೇಳಿದ್ದ. ಅಪ್ಪ ತುದಿಗೆ ಅರಿಷಿಣ ಕುಂಕುಮ ಮೆತ್ತಿ ಹಲಗೆಯ ಮೇಲೆ ಇಟ್ಟುಬಿಟ್ಟ. ದಶಮಿಯ ಸಂಜೆಯವರೆಗೆ ಹತ್ಯಾರ ಮುಟ್ಟುವಂತಿಲ್ಲ. ತೊಳೆದು ನೋಡಲೂ ಆಗಲಿಲ್ಲ.

ದಶಮಿಯ ಸಂಜೆ ಬನ್ನಿ ಕೊಡಲು ಕಾಕಾ ಬಂದರು. ಅಪ್ಪ ಹಲಗೆಯ ಮೇಲಿಂದ ಹತ್ಯಾರ ತೆಗೆದು ತಾನೇ ಮಾಡಿದವನಂತೆ ಎರಡೂ ಕೈಯಿಂದ ಕೊಟ್ಟ. ಕಾಕಾ ಅದನ್ನು ಹಣೆಗೆ ಒತ್ತಿಕೊಂಡು ನನ್ನ ಕಡೆ ನೋಡಿ ನಕ್ಕರು. ನಾನು "ಕಾಕಾ, ಎರಡು ದಿನ ಬಿಟ್ಟು ಒಯ್ರಿ, ಇನ್ನೊಮ್ಮೆ ನೋಡಿ..." ಎಂದು ಶುರುಮಾಡಿದೆ. ಅಪ್ಪನ ಕಣ್ಣು ನನ್ನ ಮೇಲೆ ಬಿತ್ತು. "ಚಾ ತಗೊಂಡು ಬಾ," ಅಂದ. ನಾನು ಚಹಾ ತರಲು ಹೋದೆ. ಈ ಬರಹದಲ್ಲಿ ಅಪ್ಪನನ್ನೂ ಅಣ್ಣನನ್ನೂ ಬೈದಿದ್ದೇನೆ. ಚಹಾ ತರಲು ಹೋದವಳು ನಾನು, ಅದನ್ನೂ ಬರೆಯಬೇಕು.

ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಓಣಿಯಲ್ಲಿ ಗದ್ದಲ ಆಯಿತು. ಕಾಕಾ ಜಾಲಿಯ ಭರಣಿಯೊಂದನ್ನು ತೋಡುತ್ತಿದ್ದರು. ತುದಿ ಮುರಿದು ಹಾರಿ ಎಡಗಣ್ಣಿಗೆ ಬಡಿದಿತ್ತು. ನಾನು ಓಡಿಹೋಗುವಷ್ಟರಲ್ಲಿ ಅವರನ್ನು ರಿಕ್ಷಾದಲ್ಲಿ ಕೂರಿಸಿದ್ದರು. ಲೇಥು ಇನ್ನೂ ತಿರುಗುತ್ತಿತ್ತು, ಯಾರೂ ಬಂದ್ ಮಾಡಿರಲಿಲ್ಲ. ನಾನು ಬಂದ್ ಮಾಡಿದೆ. ಲೇಥನ್ನು ನಾನು ಕೈಯಾರೆ ಮುಟ್ಟಿದ್ದು ಅದೊಂದೇ ಸಲ. ಹತ್ಯಾರಕ್ಕಾಗಿ ಸಿಪ್ಪೆಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ.

ಕಣ್ಣು ಉಳಿಯಲಿಲ್ಲ. ಸಂಜೆಯೊಳಗೆ ಟಿಂಬರ್ ಮಾರ್ಕೆಟ್ಟಿನ ಎಲ್ಲ ಬಾಯಿಗಳಲ್ಲೂ ಒಂದೇ ಮಾತಿತ್ತು, ಅದನ್ನು ಹಂಚಿದವನು ನನ್ನ ಅಪ್ಪ. "ಬೆಸುಗಿ ಬಿಟ್ಟದ. ಹೆಣ್ಮಗಳ ಕೈಯಾಗ ಬೆಂಕಿ ಕೊಟ್ಟಿದ್ದ ನನ್ನ ತಪ್ಪು." ನಿನ್ನೆಯವರೆಗೆ ಮಗ ಮಾಡಿದ್ದ ಹತ್ಯಾರ ಅದು. ಅಣ್ಣ ಕಾರ್ಖಾನೆಯಿಂದ ಬಂದವನು ಟರ್ನರನ ಗತ್ತಿನಲ್ಲಿ, "ಹಿತ್ತಾಳಿ ಸರಿ ಹರದಿಲ್ಲ ಅಂತ ಕಾಣಸತದ," ಅಂದ. ಹತ್ಯಾರ ಎಲ್ಲಿದೆ, ತೋರಿಸಿ ಎಂದು ಕೇಳಿದೆ. ಅಪ್ಪ ಅದನ್ನು ನಾಗಝರಿ ನಾಲೆಗೆ ಎಸೆದು ಬಂದೆ ಅಂದ.

ಐದು ದಿನ ಆದಮೇಲೆ ಅಪ್ಪ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ಒಂದೇ ಮಾತು ಹೇಳಿದ. "ತಪ್ಪಾತು ಅನ್ನು. ಸಣ್ಣಾಕಿ ಇದ್ದಿ, ಮಂದಿ ಮರೀತಾರ. ನನ್ನ ಹೆಸರು ಹೋದರ ಮನಿ ಹೋಗತದ." ವಾರ್ಡಿನಲ್ಲಿ ಕಾಕಾ ಗೋಡೆಯ ಕಡೆಯ ಕಾಟಿನ ಮೇಲೆ ಎರಡು ದಿಂಬಿಗೆ ಒರಗಿದ್ದರು. ಅರ್ಧ ಮುಖಕ್ಕೆ ಪಟ್ಟಿ. ಅಪ್ಪ ಏನೇನೋ ಮಾತಾಡಿದ. ಕಾಕಾ ಅವನ ಕಡೆ ನೋಡಲಿಲ್ಲ. ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು.

"ಪೋರಿ, ನೀನ ಹೇಳು," ಅಂದರು. "ಬೆಸುಗಿ ಬಿಟ್ಟಿತೇನು?"

ನನ್ನ ಬೆನ್ನ ಹಿಂದೆ ಅಪ್ಪ ಕೆಮ್ಮಿದ.

"ಹೌದು ಕಾಕಾ," ಅಂದೆ. "ನನ್ನ ಬೆಸುಗಿ ಬಿಡ್ತು."

 ಅವರು "ಹೌದಾ," ಅಂದು ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ಅಳುತ್ತಿದ್ದೆ, ಬಹುಶಃ ನಿಜ ಹೇಳಿಬಿಡುತ್ತಿದ್ದೆ. ಕೆಟ್ಟ ಬೆಸುಗೆ ಹಾಕಿದವಳ ಮುಖ ನೋಡುವುದು ಅವರಿಗೆ ಬೇಡವಾಗಿದೆ ಎಂದುಕೊಂಡು ಹೊರಗೆ ಬಂದೆ.

ದೀಪಾವಳಿ ಬಂತು, ಹೋಯಿತು. ಎರಡನೇ ಲೇಥಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನನ್ನ ಶೇಗಡಿಯನ್ನು ಅವ್ವ ರೊಟ್ಟಿಗೆ ತೆಗೆದುಕೊಂಡಳು. ಅಪ್ಪ ಮತ್ತೆ ಗೂಟದ ಉಳಿಗಳನ್ನು ಇಳಿಸಿಕೊಂಡ. ಉಳಿದ ಕಾರ್ಬೈಡ್ ಹತ್ಯಾರಗಳು, ಅವುಗಳಲ್ಲಿ ಒಂದೂ ಮುಂದೆ ಒಡೆಯಲಿಲ್ಲ, ಗೋಣಿಯಲ್ಲಿ ಸುತ್ತಿ ಅಟ್ಟ ಸೇರಿದವು. ಮಾಘದಲ್ಲಿ ನನ್ನನ್ನು ದೌಂಡಕ್ಕೆ ಮದುವೆ ಮಾಡಿ ಕೊಟ್ಟರು. ಗಂಡ ಒಳ್ಳೆಯವನೇ. ಮುಂದೆ ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಆಯಿತು, ಮಕ್ಕಳು ಓದಿದರು, ಮನೆ ಕಟ್ಟಿದೆವು. ಬೆಂಕಿಯ ಮುಂದೆ ನಾನು ಕೂತದ್ದು ಅಡುಗೆಗೆ ಮಾತ್ರ. ಪುಣೆಗೆ ನೂರು ಸಲ ಬಂದಿರಬೇಕು. ಭವಾನಿ ಪೇಟೆಯ ಕಡೆ ರಿಕ್ಷಾ ತಿರುಗಿದರೆ ಬೇರೆ ದಾರಿ ಹಿಡಿ ಅನ್ನುತ್ತಿದ್ದೆ. ಇದೆಲ್ಲದರಲ್ಲಿ ನನಗೆ ಅತಿ ಕಹಿಯಾದದ್ದು ಬೇರೆಯೇ ಇದೆ. ವರ್ಷಗಳು ಹೋದಂತೆ ನಾನು ಹೇಳಿದ ಸುಳ್ಳನ್ನು ನಾನೇ ನಂಬತೊಡಗಿದೆ. ಹತ್ಯಾರವನ್ನು ನಾನು ನೋಡಿರಲಿಲ್ಲವಲ್ಲ. ಆ ಸಣ್ಣ ಸದ್ದು ನನ್ನ ಭ್ರಮೆ ಇರಬಹುದು, ಹಿತ್ತಾಳೆ ನಿಜಕ್ಕೂ ಸರಿ ಹರಿದಿರಲಿಕ್ಕಿಲ್ಲ, ನನ್ನ ಕೈಯೇ ಅಷ್ಟು ಎಂದು ಎಷ್ಟೋ ದಿನ ರೊಟ್ಟಿ ಬಡಿಯುತ್ತ ಅಂದುಕೊಂಡಿದ್ದೇನೆ.

ಏಸಿಯವನು ಹೋದಮೇಲೆ ಅಣ್ಣನನ್ನು ಕೇಳಿದೆ. "ನವಮಿ ದಿನ ನೀರಾಗ ಚಿಟ್ ಅಂದಿದ್ದು ನೀನೂ ಕೇಳಿದ್ದಿ. ಹೌದಲ್ಲೋ?"

ಈ ಸಲ ಅವನು ನಗಲಿಲ್ಲ. "ಅಪ್ಪ ಹೋಗಿ ಎಷ್ಟ ವರ್ಷ ಆತು. ಈಗ್ಯಾಕ ಅದು?" ಅಂದ. ಟೀವಿ ಹಾಕಿದ. ನಾನು ಮರುದಿನ ಬೆಳಿಗ್ಗೆ ಸಿಟಿ ಬಸ್ಸು ಹಿಡಿದು ಭವಾನಿ ಪೇಟೆಗೆ ಹೋದೆ.

ವಾಡೆ ಇಲ್ಲ. ಟಿಂಬರ್ ಮಾರ್ಕೆಟ್ಟಿನಲ್ಲಿ ಕಟ್ಟಿಗೆಗಿಂತ ಪ್ಲೈವುಡ್ ಹೆಚ್ಚು. ಕಾಕಾನ ಅಂಗಡಿ ಇದ್ದ ಜಾಗದಲ್ಲಿ ಸನ್‌ಮೈಕಾದ ಅಂಗಡಿ, ಗಲ್ಲಾಪೆಟ್ಟಿಗೆಯ ಮುಂದೆ ಐವತ್ತರ ಹೆಂಗಸು. ಕಾಕಾನ ಸೊಸೆ, ಹೆಸರು ಸುಲೋಚನಾ. ಜಮಖಂಡಿಯ ಕಡೆಯವಳಾದ್ದರಿಂದ ಕನ್ನಡವೇ ಬಂತು. ಕಾಕಾ ತೀರಿಕೊಂಡು ಹನ್ನೊಂದು ವರ್ಷ ಆಯಿತಂತೆ. ಕಣ್ಣು ಹೋದಮೇಲೂ ಒಂದೇ ಕಣ್ಣಿನಲ್ಲಿ ಭರಣಿ ಮಾಡುತ್ತಿದ್ದರಂತೆ, ಕೈ ನಡೆಯುವವರೆಗೆ.

ನಾನು ಈರಪ್ಪ ಮಿಸ್ತ್ರಿಯ ಮಗಳು ಶಾಂತಾ ಅಂದೆ. ಆಕೆ ಎದ್ದು ನಿಂತಳು. ಏನೂ ಕೇಳದೆ ದೇವರ ಗೂಡಿನ ಪಕ್ಕದ ಮೊಳೆಯಿಂದ ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯದೊಂದನ್ನು ಇಳಿಸಿ ತಂದು ಗಾಜಿನ ಮೇಲೆ ಇಟ್ಟಳು.

"ಮಾಮಾ ಇದನ್ನ ಯಾರಿಗೂ ಮುಟ್ಟಗೊಡತಿರಲಿಲ್ರಿ," ಅಂದಳು. "ಖಂಡೇ ನವಮಿಗೆ ಕುಂಕುಮ ಹಚ್ಚತಿದ್ರು. ನೀರು ಮಾತ್ರ ತಾಗಸಬ್ಯಾಡ ಅಂತಿದ್ರು. ಇದನ್ನ ಮಾಡಿದ ಹುಡುಗಿ ಒಂದ ದಿನಾ ಬರತಾಳ, ಬಂದು ಹೇಳತಾಳ ಅಂತಿದ್ರು."

ಶೀಸಮ್ಮಿನ ಹಿಡಿಕೆ ಕಪ್ಪಾಗಿತ್ತು. ಕೊಳವೆಯ ಬಳೆಗೆ ತುಕ್ಕು ಹಿಡಿದಿತ್ತು. ತುದಿಯನ್ನು ಬೆಳಕಿಗೆ ಹಿಡಿದೆ. ದುಂಡು ತುಂಡು ನಡುವೆ ಸೀಳಿತ್ತು, ಅರ್ಧ ಹಾರಿಹೋಗಿತ್ತು. ಉಳಿದ ಅರ್ಧ ಸಲಾಕೆಗೆ ಕಚ್ಚಿಕೊಂಡೇ ಇತ್ತು. ಹೋದ ಅರ್ಧದ ಜಾಗದಲ್ಲೂ ಹಿತ್ತಾಳೆಗೆ ಅಂಟಿಕೊಂಡು ಕಾರ್ಬೈಡಿನ ಬೂದು ಪದರ ಉಳಿದಿತ್ತು. ಉಗುರಿನಿಂದ ಒತ್ತಿದೆ, ಗಲ್ಲೆಯ ಮೇಲಿದ್ದ ಕತ್ತರಿಯಿಂದ ಮೀಟಿದೆ. ಅಲ್ಲಾಡಲಿಲ್ಲ. ಬೆಸುಗೆ ಬಿಟ್ಟಿದ್ದರೆ ತುಂಡು ಇಡಿಯಾಗಿ ಕಳಚಿ ಬರಬೇಕಿತ್ತು. ಇದು ನೀರಿನ ಸೀಳು. ಕೈಯಲ್ಲಿ ಹಿಡಿದ ಯಾವ ಮಿಸ್ತ್ರಿಗಾದರೂ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

"ಅಪ್ಪ ಇದನ್ನ ನಾಲಾಕ್ಕ ಒಗದೀನಿ ಅಂದಿದ್ದ," ಅಂದೆ.

"ಇಲ್ರಿ. ನಮ್ಮ ಅತ್ತಿ ಹೇಳತಿದ್ರು, ಕಣ್ಣಾಗ ರಕ್ತ ಸುರೀವಾಗನೂ ಮಾಮಾ ಇದನ್ನ ಕೈಬಿಡಲಿಲ್ಲಂತ. ರಿಕ್ಷಾದಾಗ ಹಿಡಕೊಂಡ ಹೋದ್ರಂತ. ಆಸ್ಪತ್ರ್ಯಾಗ ಇದ್ದಷ್ಟು ದಿನಾನೂ ದಿಂಬಿನ ಕೆಳಗ ಇಟಗೊಂಡಿದ್ರಂತ." ಗಿರಾಕಿಯೊಬ್ಬ ಬಂದು ಬಣ್ಣದ ಮಾದರಿಗಳ ಪುಸ್ತಕ ಕೇಳಿದ. ಆಕೆ ಅದನ್ನು ಅವನ ಕಡೆ ಸರಿಸಿ ಮತ್ತೆ ನನ್ನ ಕಡೆ ತಿರುಗಿದಳು. "ನೀವು ಏನು ಹೇಳೂದಿತ್ರಿ ಅವರಿಗೆ?"

 ನಲವತ್ತು ವರ್ಷ ನಾನು ತಿಳಿದದ್ದು, ಆಸ್ಪತ್ರೆಯಲ್ಲಿ ಅವರು ಗೊತ್ತಿಲ್ಲದೆ ಕೇಳಿದರು ಎಂದು. ಅವರಿಗೆ ಎಲ್ಲ ಗೊತ್ತಿತ್ತು. ನಾನು ಅವರ ಕಾಟಿನ ಪಕ್ಕ ನಿಂತು ನನ್ನ ಬೆಸುಗಿ ಬಿಡ್ತು ಅಂದಾಗ, ಬಿಡದ ನನ್ನ ಬೆಸುಗೆ ಅವರ ತಲೆಯ ಕೆಳಗೇ ಇತ್ತು.